ಸೊಳೆ ಭರಣಿಯ ಪಿಸ್ತೂಲು

ಕೋವಿ ಖಾಲಿ ಉಂಟು ಎಂದು ಯಾರು ಹೇಳಿದರೂ ದುಗ್ಗಪ್ಪ ನಂಬುವುದಿಲ್ಲ. ಹೇಳಿದವರು ನಿವೃತ್ತ ಹೆಡ್‌ಮಾಸ್ಟರಾಗಿರಲಿ, ಸ್ವಂತ ಭಾವನಾಗಿರಲಿ, ಅವನ ಕ್ರಮ ಒಂದೇ. ನಳಿಗೆಯೊಳಗೆ ಕಬ್ಬಿಣದ ಕೋಲು ಇಳಿಸುತ್ತಾನೆ. ಎಷ್ಟು ಇಳಿಯಿತು ಎಂದು ಬೆರಳಿನಲ್ಲಿ ಗುರುತು ಹಿಡಿಯುತ್ತಾನೆ. ಅದೇ ಕೋಲನ್ನು ನಳಿಗೆಯ ಹೊರಮೈಗೆ ಒತ್ತಿ ಮತ್ತೊಮ್ಮೆ ಅಳೆಯುತ್ತಾನೆ. ಎರಡು ಅಳತೆಗೂ ನಾಲ್ಕು ಬೆರಳು ವ್ಯತ್ಯಾಸ ಕಂಡರೆ ಒಳಗೆ ಈಡು, ಎಂದರೆ ತುಂಬಿದ ಮದ್ದುಗುಂಡು, ಕೂತಿದೆ ಎಂದು ಅರ್ಥ. ಇಷ್ಟು ವರ್ಷಗಳಲ್ಲಿ ‘ಖಾಲಿ’ ಎಂದು ಕೈಗೆ ಕೊಟ್ಟ ಹನ್ನೊಂದು ಕೋವಿಗಳಲ್ಲಿ ಮದ್ದೂ ಗುಂಡೂ ಇದ್ದವು. ಅದರಲ್ಲಿ ಒಂದು ಹೆಡ್‌ಮಾಸ್ಟರರದ್ದೇ.

ಅರಂತೋಡಿನಲ್ಲಿ ಮಡಿಕೇರಿ ರಸ್ತೆಯ ಬದಿಗೆ, ಝಾಕಿರನ ಬೈಕ್ ಗ್ಯಾರೇಜಿಗೆ ತಾಗಿಕೊಂಡು ಅವನ ಅಂಗಡಿ. ಹಿಂದೆ ಮನೆ. ಬೋರ್ಡಿನಲ್ಲಿ ‘ಕೋವಿ ರಿಪೇರಿ’ ಎಂದಷ್ಟೇ ಇದೆ, ಹೆಸರಿಲ್ಲ. ಹೆಸರು ಹಾಕಿದರೆ ಯಾರಾದರೂ ಏನಾದರೂ ಕೇಳಿಕೊಂಡು ಬಂದಾರು ಎಂದು ಅದಕ್ಕೂ ಅವನಿಗೆ ಅನುಮಾನ. ಆದರೂ ಕಡಬದಿಂದ, ಪುತ್ತೂರಿನ ಆಚೆ ಕಬಕದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಹೆಚ್ಚು ಬರುವುದು ಚುನಾವಣೆ ಮುಗಿದ ಮೇಲೆ. ಚುನಾವಣೆ ಘೋಷಣೆಯಾದ ಕೂಡಲೇ ಬೆಳೆ ಕಾಯುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ನೀತಿಸಂಹಿತೆ ರೈತನಿಗೆ ಮಾತ್ರ, ಹಂದಿಗೆ ಇಲ್ಲ. ಎರಡು ತಿಂಗಳು ಒಂದರ ಮೇಲೊಂದು ಒರಗಿ ಕೂತ ಕೋವಿಗಳು ತಿರುಗಿ ಬರುವಾಗ ಮೈಯೆಲ್ಲ ತುಕ್ಕು. ಚುನಾವಣೆಯಿಂದ ಒಬ್ಬೊಬ್ಬರಿಗೆ ಒಂದೊಂದು ಸಿಗುತ್ತದೆ. ದುಗ್ಗಪ್ಪನಿಗೆ ಸಿಗುವುದು ಇದು.

ಹಾಗಾಗಿ ತುಕ್ಕಿನ ಪ್ರಾಯ ಅವನಿಗೆ ಗೊತ್ತು. ಎಳೆ ತುಕ್ಕು ಕುಂಕುಮದ ಹಾಗೆ ಬೆರಳಿಗೆ ಬರುತ್ತದೆ. ಹಳೆಯದು ಕಪ್ಪಾಗಿ, ಗಟ್ಟಿಯಾಗಿ, ಕಬ್ಬಿಣವನ್ನು ಒಳಗಿನಿಂದ ತಿಂದು ಕೂತಿರುತ್ತದೆ. ಉಗುರು ಹಾಕಿದರೂ ಬಿಡುವುದಿಲ್ಲ.

ಕಳೆದ ನವೆಂಬರಿನ ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ಅಂಗಡಿಯ ಎದುರು ಬಿಳಿ ಕಾರು ನಿಂತಿತು. ಇಳಿದದ್ದು ಬಾಳೆಕೋಡಿ ದೊಡ್ಡಮನೆಯ ಲತೀಶ್. ರಸ್ತೆ, ಮೋರಿ, ಕಾಲುಸಂಕ ಎಲ್ಲ ಕಂಟ್ರಾಕ್ಟೂ ಅವನದೇ. ಹಿಂದಿನಿಂದ ಸಂಪ್ರೀತ್, ಮೊಬೈಲಿನಲ್ಲೇ ಒಂದು ಸುದ್ದಿ ಚಾನೆಲ್ ನಡೆಸುವವನು.

“ಹೇಂಗೊಳರಿ ದುಗ್ಗಪ್ಪಣ್ಣ?”

ದುಗ್ಗಪ್ಪನಿಗೆ ಮೊದಲ ಅನುಮಾನ ಬಂದದ್ದು ಅಲ್ಲಿಯೇ. ಲತೀಶ್ ಅವನ ಹತ್ತಿರ ಎಂದೂ ಅರೆಭಾಷೆ ಮಾತಾಡಿದವನಲ್ಲ. ಮಾತಾಡಿದರೆ ಕನ್ನಡ, ಅದೂ ಮೈಕಿನ ಮುಂದಿನ ಕನ್ನಡ. ಇಬ್ಬರ ಮನೆಮಾತೂ ಒಂದೇ ಎನ್ನುವುದು ಇವತ್ತು ಇವನಿಗೆ ಹೇಗೆ ನೆನಪಾಯಿತು?

“ಇದ್ದೇನೆ ಮಾರಾಯ್ರೆ,” ಎಂದ, ಬೇಕೆಂದೇ ಕನ್ನಡದಲ್ಲಿ. “ಎಂತ ಈ ಕಡೆ?”

ಲತೀಶ್ ಕೆಂಪು ವಸ್ತ್ರದ ಗಂಟನ್ನು ಮೇಜಿನ ಮೇಲೆ ಬಿಚ್ಚಿದ. ಒಳಗೆ ಒಂದು ಗೇಣಿಗಿಂತ ಸ್ವಲ್ಪ ಉದ್ದದ ಪಿಸ್ತೂಲು. ಬಾಯಿಯಿಂದ ಮದ್ದು ತುಂಬಿ, ಹಿಂದೆ ಬಡಿದರೆ ಕಿಡಿ ಸಿಡಿಸುವ ಕೇಪು ಕೂರಿಸಿ ಹಾರಿಸುವ ಜಾತಿ. ಮೈಯೆಲ್ಲ ಕಿತ್ತಳೆ ಬಣ್ಣದ ತುಕ್ಕು.

“ಹಳೇ ಮನೆ ಕೆಡವುವಾಗ ಗೋಡೆಯೊಳಗೆ ಸಿಕ್ಕಿದ್ದು. ನಮ್ಮ ಹಿರಿಯರು ಮೂವತ್ತೇಳರ ದಂಗೆಗೆ ಹೋದವರು, ಗೊತ್ತುಂಟಲ್ಲ?”

ಕಂಪೆನಿ ಸರಕಾರದ ಮೇಲೆ ಸುಳ್ಯದ ರೈತರು ಎದ್ದು ಮಂಗಳೂರಿನವರೆಗೆ ನಡೆದ ೧೮೩೭ರ ದಂಗೆಯ ಮಾತು ಅದು. ಬಾಳೆಕೋಡಿಯಿಂದ ಯಾರಾದರೂ ಹೋಗಿದ್ದರು ಎಂದು ದುಗ್ಗಪ್ಪ ಈವರೆಗೆ ಕೇಳಿರಲಿಲ್ಲ. ಆದರೆ ಈಚೆಗೆ ಆ ದಂಗೆಯ ಸೈನ್ಯ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದೆ. ಅಂದು ಗಲ್ಲಿಗೇರಿದವರ ಮನೆಯವರು ಸುಮ್ಮನೆ ಇದ್ದಾರೆ. ಸನ್ಮಾನದ ಕುರ್ಚಿಗೆ ಬೇರೆಯವರು ಟವೆಲು ಹಾಸಿಟ್ಟಿದ್ದಾರೆ.

“ಬಾಳೆಕೋಡಿ ಕ್ರಾಸಿನಲ್ಲಿ ಹಿರಿಯರ ಹೆಸರಲ್ಲಿ ದ್ವಾರ ಆಗ್ತಾ ಉಂಟು. ಉದ್ಘಾಟನೆ ದಿನ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುದು. ಆದ್ರೆ ಪಿಸ್ತೂಲಲ್ವಾ, ಠಾಣೆಯವರು ಕೇಳ್ತಾರೆ. ಪುರಾತನದ್ದು, ಹಾರುದಿಲ್ಲ, ಇಷ್ಟು ಬೆಲೆ ಬಾಳ್ತದೆ ಅಂತ ಲೈಸೆನ್ಸ್ ಇದ್ದವರ ಒಂದು ಕಾಗದ ಬೇಕು.”

ಲೈಸೆನ್ಸ್ ಎನ್ನುವಾಗ ಲತೀಶ್ ಸ್ವಲ್ಪ ನಿಧಾನಿಸಿದ. ದುಗ್ಗಪ್ಪನ ರಿಪೇರಿ ಲೈಸೆನ್ಸಿನ ನವೀಕರಣದ ಫೈಲು ಏಳು ತಿಂಗಳಿಂದ ಒಂದು ಕಚೇರಿಯಲ್ಲಿ ಮಲಗಿತ್ತು. ಅದು ಇವನಿಗೆ ಹೇಗೆ ಗೊತ್ತು? ಎರಡನೆಯ ಅನುಮಾನ.

ದುಗ್ಗಪ್ಪ ಪಿಸ್ತೂಲನ್ನು ಮುಟ್ಟಲಿಲ್ಲ. ಮೊದಲು ಠಾಣೆಯ ರೈಟರಿಗೆ ಫೋನು ಮಾಡಿದ. ಹೌದು, ನಾವೇ ಕಳಿಸಿದ್ದು, ನೀವು ನೋಡಿ ಬರೆದುಕೊಡಿ, ಸಂಜೆಯೊಳಗೆ ವಸ್ತು ಇಲ್ಲಿಗೆ ಬರಬೇಕು ಎಂದು ರೈಟರು ಹೇಳಿದ ಮೇಲೆ ಸಮಯ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಟ್ಟ. ಆಮೇಲೆ ಸಂಪ್ರೀತನ ಕಡೆ ತಿರುಗಿದ.

“ಮೊಬೈಲು ಕಿಸೆಗೆ ಹಾಕು ಮಗ. ಇಲ್ಲಿ ವಿಡಿಯೋ ಇಲ್ಲ.”

“ಇತಿಹಾಸ ಅಲ್ವಾ ದುಗ್ಗಪ್ಪಣ್ಣ?”

“ಇತಿಹಾಸ ಆಮೇಲೆ. ಈಗ ಕೋಲು ಹಾಕುದು.”

ಕೋಲು ಇಳಿಯಿತು, ಅಳತೆ ಸರಿಹೋಯಿತು. ಈಡು ಇರಲಿಲ್ಲ. ಅವನು ಹೆಬ್ಬೆರಳಿನಿಂದ ನಳಿಗೆಯನ್ನು ಉಜ್ಜಿದ. ಕುಂಕುಮ! ಮೂಗಿನ ಹತ್ತಿರ ತಂದ. ಹುಳಿಯಾದ, ಕಟುವಾದ, ತೀರ ಪರಿಚಯದ ವಾಸನೆ; ಆದರೆ ಕೋವಿಯಲ್ಲಿ ಎಂದೂ ಬಾರದ ವಾಸನೆ. ಎಲ್ಲಿಯದು ಎಂದು ಹೊಳೆಯಲಿಲ್ಲ.

ಅಷ್ಟರಲ್ಲಿ ಹೆಂಡತಿ ಸೀತು ಚಾ ತಂದಳು. ಗಂಡನಿಗೊಂದು, ಸಂಪ್ರೀತನಿಗೊಂದು. ಲತೀಶನಿಗೆ ತರಲಿಲ್ಲ. ಬಾಳೆಕೋಡಿಯವರಿಗೆ ಅವಳು ನೀರೂ ಕೊಡುವುದಿಲ್ಲ, ಎಂದೂ ಕೊಟ್ಟಿಲ್ಲ. ಗ್ಲಾಸು ಇಡಲು ಬಗ್ಗಿದವಳು ಮೂಗು ಅರಳಿಸಿದಳು.

“ಇದೆಂತ, ಈಗ ಸೊಳೆ ಭರಣಿ ಬಾಯಿ ತೆಗೆದದ್ದು ಯಾರು?”

ಉಪ್ಪುಸೊಳೆ! ಹಲಸಿನ ತೊಳೆಗಳನ್ನು ಮಳೆಗಾಲಕ್ಕೆಂದು ಉಪ್ಪುನೀರಿನಲ್ಲಿ ಹಾಕಿಡುವ ಭರಣಿಯ ವಾಸನೆ ಅದು. ಗ್ಯಾರೇಜಿನ ಗೋಡೆಯ ಮೇಲಿಂದ ಝಾಕಿರ್ ತಲೆ ಎತ್ತಿದ.

“ದಂಗೆಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿರ್ಬೇಕು ಸೀತಕ್ಕ. ಮಂಗಳೂರು ಹತ್ತಿರವಾ?”

ಸಂಪ್ರೀತ್ ನಕ್ಕುಬಿಟ್ಟ, ಲತೀಶ್ ನೋಡಿದ ಮೇಲೆ ನಿಲ್ಲಿಸಿದ.

“ಅಟ್ಟದಲ್ಲಿ ಭರಣಿ ಪಕ್ಕ ಇತ್ತಲ್ಲ, ಹಾಗೆ ವಾಸನೆ ಹಿಡ್ದದ್ದು,” ಎಂದ ಲತೀಶ್.

“ಗೋಡೆಯೊಳಗೆ ಅಂದ್ರಿ,” ಎಂದ ದುಗ್ಗಪ್ಪ.

“ಅಟ್ಟದ ಗೋಡೆ.”

ದುಗ್ಗಪ್ಪನಿಗೆ ಲೆಕ್ಕ ಸಿಕ್ಕಿತು. ಪಿಸ್ತೂಲಿಗೆ ಯಾರೋ ಪ್ರಾಯ ಬರಿಸಿದ್ದಾರೆ. ಎಣ್ಣೆ ಹಚ್ಚಿ ಜೋಪಾನವಾಗಿ ಇಟ್ಟ ವಸ್ತುವನ್ನು ಸೊಳೆಯ ಉಪ್ಪುನೀರಿನಲ್ಲಿ ಒಂದೆರಡು ತಿಂಗಳು ಮುಳುಗಿಸಿದ್ದಾರೆ. ಬೇರೆ ಊರಿನ ಕಳ್ಳರಾದರೆ ಆಸಿಡ್ ಹುಡುಕುತ್ತಿದ್ದರು. ನಮ್ಮ ಊರಿನವರಿಗೆ ಕೈಗೆ ಸಿಕ್ಕಿದ್ದು ಭರಣಿ.

ಲತೀಶನ ಫೋನು ಹೊಡೆದುಕೊಂಡಿತು. ಅವನು ಕಾರಿನ ಹತ್ತಿರ ಹೋದ. ಸಂಪ್ರೀತನೂ ಹಿಂದೆಯೇ ಹೋದ. ದುಗ್ಗಪ್ಪ ಹಿಡಿಯ ಮರ ಬಿಚ್ಚಲು ತಿರುಪಿಗೆ ಎಣ್ಣೆ ಬಿಟ್ಟ. ತಿರುಪಿನ ತಲೆಯಲ್ಲಿ ಹೊಸ ಗೀರು ಇತ್ತು. ಯಾರೋ ತಿರುಗಿಸಲು ಹೋಗಿ ಆಗದೆ ಬಿಟ್ಟಿದ್ದರು. ಅವನ ಕೈಗೆ ಅದು ಬಂತು. ಮರ ಕಳಚಿತು. ಒಳಗೆ ತುಕ್ಕು ತಾಗದ ಕಬ್ಬಿಣದಲ್ಲಿ ಉಳಿಯಿಂದ ಕೊಟ್ಟ ಮೂರು ಚುಕ್ಕಿ, ಅದರ ಕೆಳಗೆ ಒಂದು ಅಕ್ಷರ: ಕೂ.

ಕೂಸಪ್ಪ. ದುಗ್ಗಪ್ಪನ ಅಪ್ಪ.

ಅವನು ಮರವನ್ನು ಥಟ್ಟನೆ ಮುಚ್ಚಿ ಹಿಂದೆ ನೋಡಿದ. ಸೀತು ಒಳಗೆ ಹೋಗಿದ್ದಳು.

ಈ ಪಿಸ್ತೂಲು ಅವನಿಗೆ ಗೊತ್ತು. ಎಪ್ಪತ್ತನಾಲ್ಕರಲ್ಲಿ, ಅವನ ಹತ್ತೊಂಬತ್ತನೆಯ ವರ್ಷದಲ್ಲಿ, ಇದೇ ಮೇಜಿನ ಮೇಲೆ ಇದು ಹುಟ್ಟಿದ್ದು. ಉಳುವವನಿಗೆ ಭೂಮಿ ಎಂದು ಕಾನೂನು ಬಂದ ವರ್ಷ. ಗೇಣಿಗೆ ಮಾಡುತ್ತಿದ್ದವರು ಡಿಕ್ಲರೇಶನ್ ಕೊಟ್ಟರೆ ಗದ್ದೆ ಅವರದೇ. ಬಾಳೆಕೋಡಿಯ ಪಟೇಲರು, ಎಂದರೆ ಈ ಲತೀಶನ ಅಜ್ಜ, ಕೂಸಪ್ಪನನ್ನು ಕರೆಸಿ, ಪಿಸ್ತೂಲು ಮಾಡು ಎಂದು ಒಂದು ಮುರುಕು ಕೋವಿಯ ನಳಿಗೆ ಕೊಟ್ಟಿದ್ದರು. ಅಪ್ಪನಿಗಿದ್ದ ಲೈಸೆನ್ಸು ರಿಪೇರಿಗೆ, ಹೊಸತು ಮಾಡಲು ಅಲ್ಲ. ಆದರೆ ಕೂಸಪ್ಪನ ಮನೆ ನಿಂತಿದ್ದೇ ಪಟೇಲರ ಜಾಗದಲ್ಲಿ. ನಳಿಗೆ ಕತ್ತರಿಸಿದ್ದು, ಅರ ಹಾಕಿದ್ದು, ಕೇಪಿಗೆ ಬಡಿಯುವ ಕುದುರೆ ಕೂರಿಸಿದ್ದು ಎಲ್ಲದಕ್ಕೂ ದುಗ್ಗಪ್ಪ ಕೈ ಹಾಕಿದ್ದ. ಕೊನೆಗೆ ಕೇಪು ಕೂರಿಸುವ ಮೂತಿಗೆ ತೂತು ಕೊರೆಯುವಾಗ ಮಾತ್ರ, “ಇದು ನಾನೇ ನೋಡ್ತೇನೆ, ನೀನು ಹೋಗಿ ಬೀಡಿ ತಾ,” ಎಂದು ಅಪ್ಪ ಕಳಿಸಿದ್ದ.

ಪಟೇಲರು ಅದನ್ನು ಹಾರಿಸಲಿಲ್ಲ. ಹಾರಿಸುವ ಅಗತ್ಯವೇ ಬರಲಿಲ್ಲ. ಡಿಕ್ಲರೇಶನ್ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಚಾವಡಿಗೆ ಕರೆಸಿ, ವೀಳ್ಯದ ಹರಿವಾಣದ ಪಕ್ಕದಲ್ಲಿ ಇದನ್ನು ಇಟ್ಟು, ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಒಂದೇ ವಾರದಲ್ಲಿ ಆರು ಜನ ಡಿಕ್ಲರೇಶನ್ ಹಿಂದೆ ತೆಗೆದುಕೊಂಡರು. ಆರರಲ್ಲಿ ಒಬ್ಬ ಐತ್ತಪ್ಪ. ಸೀತುವಿನ ಅಪ್ಪ.

ತಾನು ಉಳುತ್ತಿದ್ದ ಗದ್ದೆಯಲ್ಲಿ ಐತ್ತಪ್ಪ ಆಮೇಲೆ ಕೂಲಿಗೆ ನಿಂತ. ಮಕ್ಕಳೇ ಅವನನ್ನು ಪುಕ್ಕಲ ಎಂದರು. ಸಾಯುವವರೆಗೂ ಎಂದರು. ಸೀತುವನ್ನು ಮದುವೆಯಾದ ದುಗ್ಗಪ್ಪ ಮಾವನ ಎದುರು ಊಟಕ್ಕೆ ಕೂತಾಗೆಲ್ಲ ತಲೆ ತಗ್ಗಿಸಿ ಉಂಡ. ಪಿಸ್ತೂಲು ಮಾಡಿದ್ದು ಯಾರು ಎಂದು ಹೆಂಡತಿಗೆ ಹೇಳಲಿಲ್ಲ. ಇನ್ನೊಬ್ಬರ ಕೋವಿಯನ್ನು ಕೋಲು ಹಾಕದೆ ನಂಬದವನು ತನ್ನ ಮನೆಯೊಳಗಿನ ಈಡನ್ನು ಹಾಗೇ ಬಿಟ್ಟಿದ್ದ.

ಈಗ ಅದೇ ಪಿಸ್ತೂಲು ದಂಗೆಯ ಪಿಸ್ತೂಲಾಗಲು ಬಂದಿದೆ. ಬರೆದುಕೊಟ್ಟರೆ ಪಟೇಲರು ಶುದ್ಧ, ಅಪ್ಪನೂ ಶುದ್ಧ. ಎರಡು ಮನೆಯ ಪಾಪಕ್ಕೆ ಒಂದೇ ಸಹಿ. ಫೈಲು ಬೇರೆ ಮೇಲೆದ್ದು ಬರುತ್ತದೆ. ಅವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು.

ಕೈ ಮಾತ್ರ ತನ್ನ ಕ್ರಮ ಬಿಡಲಿಲ್ಲ. ನಳಿಗೆಗೆ ಬಿಸಿನೀರು ಹೊಯ್ದ. ಕೇಪಿನ ಮೂತಿಯಿಂದ ತೊಟ್ಟು ನೀರೂ ಬರಲಿಲ್ಲ. ತುಕ್ಕು ಕಟ್ಟಿರಬೇಕು ಎಂದು ಸೂಜಿ ಹಾಕಿದ. ಅಕ್ಕಿಕಾಳಿನಷ್ಟು ಹೋಗಿ ಸೂಜಿ ನಿಂತಿತು. ಕೆರೆದ. ಟಾರ್ಚು ಹಿಡಿದು ಕನ್ನಡಕ ಏರಿಸಿ ನೋಡಿದ. ತುಕ್ಕಲ್ಲ. ಗಟ್ಟಿ ಕಬ್ಬಿಣ, ಬೈರಿಗೆಯ ತುದಿ ಕುಳಿ ಮಾಡಿ ಹಿಂದೆ ಸರಿದ ಗುರುತು.

ಅಪ್ಪ ತೂತು ಕೊರೆದಿರಲೇ ಇಲ್ಲ.

ಕೇಪು ಸಿಡಿದರೂ ಕಿಡಿ ಒಳಗೆ ಹೋಗುವಂತಿರಲಿಲ್ಲ. ಪಟೇಲರ ಪಿಸ್ತೂಲು ಹುಟ್ಟಿನಿಂದಲೇ ಹಾರದ್ದು. ದುಗ್ಗಪ್ಪನಿಗೆ ಕ್ಷಣಹೊತ್ತು ಎದೆ ಹಗುರಾಯಿತು. ಅಪ್ಪ ಯಾರನ್ನೂ ಕೊಲ್ಲಲು ಬಿಡಲಿಲ್ಲ! ಮರುಕ್ಷಣ ಅದೇ ಎದೆಯಲ್ಲಿ ಬೇರೊಂದು ಎದ್ದಿತು. ಅಪ್ಪನಿಗೆ ಗೊತ್ತಿತ್ತು. ಆರು ಮನೆಯವರು ಒಬ್ಬೊಬ್ಬರಾಗಿ ಚಾವಡಿಗೆ ಹೋಗಿ ಬರುವುದನ್ನು ಇದೇ ಬಾಗಿಲಲ್ಲಿ ಕೂತು, ಬೀಡಿ ಸೇದುತ್ತಾ, ಎಲ್ಲ ಗೊತ್ತಿದ್ದು ನೋಡಿದ.

ಲತೀಶ್ ತಿರುಗಿ ಬರುವಾಗ ಹಿಡಿಯ ಮರ ಮೊದಲಿನ ಹಾಗೆ ಕೂತಿತ್ತು.

“ಎಂತ ಕಂಡಿತು?”

“ಇದು ಕೇಪಿನದ್ದು. ಮೂವತ್ತೇಳರಲ್ಲಿ ನಮ್ಮ ಕಡೆ ಕೇಪು ಎಲ್ಲಿತ್ತು? ಆಗ ಇದ್ದದ್ದು ಕಲ್ಲು ಬಡಿದು ಕಿಡಿ ಬರುವ ಕೋವಿ.”

ಲತೀಶ್ ರಸ್ತೆಯ ಕಡೆ ಒಮ್ಮೆ ನೋಡಿದ. ಆಮೇಲೆ ಸ್ಟೂಲು ಎಳೆದು ಕೂತು ದನಿ ತಗ್ಗಿಸಿದ.

“ಹಾಗಾದ್ರೆ ಇಸವಿ ಬರೆಯುದೇ ಬೇಡ ದುಗ್ಗಪ್ಪಣ್ಣ. ನಿಮ್ಮ ಕೈಯಲ್ಲಿ ಸುಳ್ಳು ಬರೆಸುದು ನಂಗೂ ಬೇಡ. ‘ತುಂಬ ಹಳೆಯದು, ಹಾರುದಿಲ್ಲ’ ಅಷ್ಟು ಸಾಕು. ಉಳಿದದ್ದು ಸಂಪ್ರೀತ್ ಬರೀತಾನೆ. ಹಾಂ, ನಿಮ್ಮ ಫೈಲಿನ ವಿಷಯ ಕೇಳಿದೆ. ಒಂದು ಫೋನಿನ ಕೆಲಸ ಅದು.”

ತುಂಬ ಹಳೆಯದು: ಐವತ್ತು ವರ್ಷ ಹಳೆಯದೇ. ಹಾರುವುದಿಲ್ಲ: ಅದೂ ನಿಜವೇ. ಒಂದಕ್ಷರ ಸುಳ್ಳಿಲ್ಲದ ಸುಳ್ಳು. ಈ ದೇಶದಲ್ಲಿ ಅರ್ಧ ಅನ್ಯಾಯ ನಡೆಯುವುದು ಇಂಥ ಕಾಗದಗಳಿಂದಲೇ. ಬರೆದವನಿಗೆ ನಿದ್ದೆ ಬರುತ್ತದೆ, ಬರೆಸಿದವನ ಕೆಲಸ ಆಗುತ್ತದೆ.

“ಪಿಸ್ತೂಲು ಠಾಣೆಗೆ ಕೊಡಿ,” ಎಂದ ದುಗ್ಗಪ್ಪ. “ಕಾಗದ ನಾಳೆ ಹನ್ನೊಂದಕ್ಕೆ.”

ಮಧ್ಯಾಹ್ನ ಊಟಕ್ಕೆ ಕೂತವನು ಅನ್ನ ಕಲಸಿಯೇ ಕಲಸಿದ.

“ಎಂತ, ಅನ್ನಕ್ಕೂ ಕೋಲು ಹಾಕಿ ನೋಡ್ಬೇಕಾ?” ಎಂದಳು ಸೀತು.

ಆಗ ಹೇಳಿದ. ಪಿಸ್ತೂಲು ಯಾವುದು ಎಂದು, ಮಾಡಿದ್ದು ಯಾರು ಎಂದು, ತಾನು ಅರ ಹಿಡಿದದ್ದನ್ನು, ಮದುವೆಯಾದಂದಿನಿಂದ ಮುಚ್ಚಿಟ್ಟದ್ದನ್ನು. ಸೀತು ಕೈಯಲ್ಲಿದ್ದ ಸೌಟು ಕೆಳಗಿಡದೆ ಕೇಳಿದಳು. ಕೊನೆಗೆ, ಸಮಾಧಾನವಾದೀತು ಎಂಬ ಆಸೆಯಿಂದ, ತೂತಿನ ವಿಷಯವನ್ನೂ ಹೇಳಿದ.

“ಹಾರ್ತಿರ್ಲಿಲ್ವಾ?”

“ಇಲ್ಲ.”

“ಯಾವತ್ತೂ?”

“ಯಾವತ್ತೂ ಇಲ್ಲ. ಅಪ್ಪ ಬೇಕೆಂದೇ ಬಿಟ್ಟದ್ದು.”

ಸೀತು ಸೌಟನ್ನು ಪಾತ್ರೆಯೊಳಗೆ ಇಟ್ಟಳು. “ನಮ್ಮ ಮನೆ ಎಷ್ಟು ದೂರ ಇತ್ತು ಇಲ್ಲಿಗೆ? ತೋಡು ದಾಟಿದ್ರೆ ನಮ್ಮ ಅಂಗಳ. ಬಂದು ‘ಐತ್ತಪ್ಪ, ಅದು ಹಾರುದಿಲ್ಲ ಮಾರಾಯ, ಹೆದರ್ಬೇಡ’ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮ್ಮ ಅಪ್ಪನಿಗೆ ಎಂತ ಆಗಿತ್ತು?”

“ಪಟೇಲರಿಗೆ ಗೊತ್ತಾದ್ರೆ ಮನೆ ಬಿಡಿಸ್ತಿದ್ರು.”

“ನಮ್ಮ ಗದ್ದೆ ಬಿಡ್ಸಿದ್ರಲ್ಲ?”

ಅವನು ಮತ್ತೆ ಅನ್ನ ಕಲಸಿದ.

“ಕೊಂದಿದ್ರೆ ಪಾಪ ಬರ್ತಿತ್ತು, ಅದಕ್ಕೆ ತೂತು ಕೊರೆಯುದು ಬಿಟ್ರು. ಬಾಯಿ ಬಿಟ್ಟಿದ್ರೆ ಮನೆ ಹೋಗ್ತಿತ್ತು, ಅದಕ್ಕೆ ಅದನ್ನು ಬಿಡ್ಲಿಲ್ಲ,” ಎಂದಳು. ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ನೀವು ನಾಳೆ ಎಂತ ಬರೆಯುದು? ‘ಹಳೆಯದು, ಹಾರುದಿಲ್ಲ’ ಅಂತವಾ?”

ಆ ಎರಡು ಮಾತು ಲತೀಶ್ ಹೇಳಿದ್ದು ಅವಳು ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವಳು ಎದ್ದು ಹಿತ್ತಿಲಿಗೆ ಹೋದಳು. ಅವತ್ತು ಮತ್ತೆ ಅವನ ಹತ್ತಿರ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ದುಗ್ಗಪ್ಪ ಅಂಗಡಿಯ ಅರ್ಧ ಬಾಗಿಲು ತೆರೆದು, ಲೈಸೆನ್ಸ್ ನಂಬರು ಇರುವ ಕಾಗದ ತೆಗೆದು, ನಿಧಾನವಾಗಿ ಬರೆದ. ವಸ್ತು: ಕೇಪಿನ ಒಂಟಿ ನಳಿಗೆಯ ಪಿಸ್ತೂಲು. ಮಾಡಿದವರು: ನನ್ನ ತಂದೆ ಕೂಸಪ್ಪ, ಅರಂತೋಡು, ಹಿಡಿಯ ಮರದ ಒಳಗೆ ಅವರ ಗುರುತು ಇದೆ. ಮಾಡಿಸಿದವರು: ಬಾಳೆಕೋಡಿ ಪಟೇಲರು. ವರ್ಷ: ೧೯೭೪. ಯಾಕೆ ಮಾಡಿಸಿದ್ದು ಎಂಬುದನ್ನು ಐದು ಸಾಲಿನಲ್ಲಿ ಬರೆದು ಆರು ಹೆಸರು ಹಾಕಿದ. ಸ್ಥಿತಿ: ತುಕ್ಕು ಹೊಸತು, ಉಪ್ಪುಸೊಳೆಯ ನೀರಿನದ್ದು. ಕೇಪಿನ ಮೂತಿಗೆ ತೂತು ಕೊರೆದಿಲ್ಲ, ಎಂದೂ ಹಾರಿದ್ದಲ್ಲ. ಇದು ಮಾಡಿದವರಿಗೆ ಗೊತ್ತಿತ್ತು, ಹೇಳಲಿಲ್ಲ.

‘ಬೆಲೆ’ ಎಂದು ಬರೆದು ಪೆನ್ನು ನಿಲ್ಲಿಸಿ, ಒಳಗೆ ಕೂಗಿದ.

“ನಿಮ್ಮ ಗದ್ದೆ ಎಷ್ಟಿತ್ತು?”

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಆಮೇಲೆ ಅಡುಗೆಮನೆಯಿಂದಲೇ ಬಂತು: “ಒಂದು ಎಕ್ರೆ ಹದಿನೆಂಟು ಸೆಂಟ್ಸ್. ಬೈಲಿನದ್ದು ಮಾತ್ರ. ಗುಡ್ಡೆ ಬೇರೆ.”

ಹನ್ನೊಂದು ಗಂಟೆಗೆ ಲತೀಶ್ ಬರುವ ಮೊದಲೇ ಅವನು ಝಾಕಿರನ ಬೈಕಿನ ಹಿಂದೆ ಕೂತು ಠಾಣೆಗೆ ಹೊರಟ. ದಾರಿಯಲ್ಲಿ ಬಾಳೆಕೋಡಿ ಕ್ರಾಸಿನ ದ್ವಾರಕ್ಕೆ ಎರಡು ಕಂಬ ಎದ್ದು ನಿಂತಿದ್ದವು.

“ದುಗ್ಗಣ್ಣ, ಲೈಸೆನ್ಸ್ ಹೋದ್ರೆ ಎಂತ ಮಾಡುದು?” ಎಂದ ಝಾಕಿರ್, ಗಾಳಿಯಲ್ಲಿ ಕೂಗಿ.

“ನಿನ್ನ ಗ್ಯಾರೇಜಿಗೆ ಬರ್ತೇನೆ. ಪಂಚರ್ ಹಾಕ್ಲಿಕ್ಕೆ.”

“ನಂಗೆ ಬೇಡಪ್ಪ. ನೀವು ಟ್ಯೂಬಿಗೂ ಕೋಲು ಹಾಕ್ತೀರಿ.”

ಠಾಣೆಯಲ್ಲಿ ರೈಟರು ಕಾಗದ ಓದುತ್ತಾ ಹೋದಂತೆ ಕುರ್ಚಿಯಲ್ಲಿ ನೆಟ್ಟಗಾದರು. ಕೊನೆಯ ಸಾಲಿಗೆ ಬಂದು ತಲೆ ಎತ್ತಿದರು.

“ಇದೆಂತ ದುಗ್ಗಪ್ಪಣ್ಣ? ಬೆಲೆ ಅಂದ್ರೆ ರೂಪಾಯಿ ಬರೀರಿ ಮಾರಾಯ್ರೆ. ಎಕ್ರೆ, ಸೆಂಟ್ಸ್ ಅಂತ ಬರ್ದಿದ್ದೀರಿ.”

“ರೂಪಾಯಿಯಲ್ಲಿ ನಂಗೆ ಗೊತ್ತಿಲ್ಲ ಸಾರ್. ಒಬ್ಬರದ್ದು ಅಷ್ಟು. ಬಾಕಿ ಐದು ಜನರದ್ದು ಅವರ ಮನೆಯಲ್ಲಿ ಕೇಳ್ಬೇಕು.”

“ಇದು ನಿಮ್ಮ ಅಪ್ಪನ ಮೇಲೂ ಬರ್ತದೆ, ಗೊತ್ತುಂಟಲ್ಲ? ನಿಮ್ಮ ಲೈಸೆನ್ಸಿಗೂ ಬರ್ತದೆ.”

“ಗೊತ್ತುಂಟು.”

ರೈಟರು ಕಾಗದವನ್ನು ಫೈಲಿಗೆ ಸೇರಿಸಿದರು. ಕಾಗದ ತೆಗೆದುಕೊಂಡದ್ದಕ್ಕೆ ಸ್ವೀಕೃತಿ ಬರೆದುಕೊಟ್ಟರು. ದುಗ್ಗಪ್ಪ ಅದನ್ನು ಮಡಚಿ ಕಿಸೆಗೆ ಹಾಕಿ ಬಾಗಿಲವರೆಗೆ ಹೋದವನು ನಿಂತ. ಬಿಚ್ಚಿ ಓದಿದ. ತಾರೀಕು ನೋಡಿದ, ಸಹಿ ನೋಡಿದ, ಹಿಂದೆ ತಿರುಗಿಸಿ ಬೆಳಕಿಗೆ ಹಿಡಿದ. ಆಮೇಲೆ ತಿರುಗಿ ಮೇಜಿನ ಹತ್ತಿರ ಬಂದ.

“ಸೀಲು ಬಿದ್ದಿಲ್ಲ ಸಾರ್,” ಎಂದ.